ಹರಿಗೋಲು ದಾಟಿಸಿದ ನಾಡು: ನಮ್ಮ ಕೃಷ್ಣೆಯ ಕಡವುಗಳ ಇತಿಹಾಸ

ಕಳೆದ ವರ್ಷ ನಮ್ಮ ಸಂಘದ ಕೆಲವು ಕುಟುಂಬಗಳು ಒಟ್ಟುಗೂಡಿ ಉತ್ತರ ಕನ್ನಡ ಜಿಲ್ಲೆಗೆ ಪ್ರವಾಸ ಹೋಗಿ ಬಂದವು. ದಾಂಡೇಲಿಯ ಬಳಿ ಕಾಳಿ ನದಿಯಲ್ಲಿ ರಬ್ಬರಿನ ದೋಣಿಯಲ್ಲಿ ಕುಳಿತು ನೀರಿನ ಇಳಿಜಾರಿನಲ್ಲಿ ಜಾರಿದರು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ, ಮುಖಕ್ಕೆ ಗಾಜಿನ ಕವಚ ಕಟ್ಟಿ, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿ, ಹವಳದ ನಡುವೆ ಮೀನುಗಳನ್ನು ಕಂಡರು. ಮೊಮ್ಮಕ್ಕಳು ಮೊಬೈಲಿನಲ್ಲಿ ಆ ಚಿತ್ರಗಳನ್ನು ನಮಗೆ ತೋರಿಸಿದರು. ಸಂತೋಷವಾಯಿತು. ಕೊನೆಗೆ ಚಿಕ್ಕವನೊಬ್ಬ, "ತಾತಾ, ನಮ್ಮ ಕಡಿ ಇಂಥಾದ್ದು ಏನೂ ಇಲ್ಲೇನು?" ಎಂದು ಕೇಳಿದ. ಆ ಕ್ಷಣಕ್ಕೆ ನಾವು ನಕ್ಕು ಸುಮ್ಮನಾದೆವು. ಆ ಪ್ರಶ್ನೆಗೆ ಕೊಡಬೇಕಾದ ಉತ್ತರವನ್ನು ಈ ಸ್ಮರಣ ಸಂಚಿಕೆಯ ನೆಪದಲ್ಲಿ ಬರೆಯುತ್ತಿದ್ದೇವೆ.

ನಾರಾಯಣಪೇಟೆ, ಮಕ್ತಲ್, ಗದ್ವಾಲ ಪ್ರದೇಶದ ನಾವು ಕೃಷ್ಣೆಯ ಮಕ್ಕಳು. ಕರ್ನಾಟಕವನ್ನು ಹಾದು ಬರುವ ಕೃಷ್ಣೆ ತಂಗಿಡಿ ಗ್ರಾಮದ ಬಳಿ ತೆಲಂಗಾಣವನ್ನು ಮುಟ್ಟುತ್ತಾಳೆ. ಅಲ್ಲಿಯೇ ಆಸುಪಾಸಿನಲ್ಲಿ ಭೀಮೆ ಬಂದು ಕೂಡುತ್ತಾಳೆ. ನದೀತೀರದ ಮುದುಮಲ್ ಗ್ರಾಮದಲ್ಲಿ ಸಾವಿರಾರು ವರ್ಷಗಳ ಹಿಂದೆ ನೆಟ್ಟ ನಿಲಿಸುಗಲ್ಲುಗಳು ಇಂದಿಗೂ ನಿಂತಿವೆ. ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಅವು 2025ರಲ್ಲಿ ಸೇರಿದವು. ಇಷ್ಟು ಹಳೆಯ ಕಾಲದಿಂದ ಜನ ವಾಸವಾಗಿರುವ ದಡದಲ್ಲಿ ಹೊಳೆ ದಾಟುವ ವಿದ್ಯೆಯೂ ಹಳೆಯದೇ ಇರಬೇಕಷ್ಟೆ.

ಆ ವಿದ್ಯೆಯ ಹೆಸರು ಹರಿಗೋಲು. ಕೆಲವರು ತೆಪ್ಪವೆನ್ನುತ್ತಾರೆ, ನಮ್ಮ ತೆಲುಗು ಬಂಧುಗಳು ಪುಟ್ಟಿ ಎನ್ನುತ್ತಾರೆ. ಸೀಳಿದ ಬಿದಿರನ್ನು ದೊಡ್ಡ ಬುಟ್ಟಿಯಂತೆ ಹೆಣೆದು, ಹೊರಗೆ ತೊಗಲು ಹೊದಿಸಿದರೆ ಅದೇ ದೋಣಿ. ತೊಗಲಿನ ಜಾಗಕ್ಕೆ ಮುಂದೆ ಡಾಂಬರು ಬಳಿದ ತಾಡಪತ್ರಿ ಬಂದಿತು, ಬಳಿಕ ಪ್ಲಾಸ್ಟಿಕ್ ಹಾಳೆ ಬಂದಿತು. ಇದಕ್ಕೆ ಮುಂದು ಹಿಂದು ಎಂಬುದಿಲ್ಲ. ತಳ ಚಪ್ಪಟೆಯಾದ್ದರಿಂದ ಮೊಳಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ. ಬಂಡೆಗೆ ತಾಗಿದರೆ ಒಡೆಯುವುದಿಲ್ಲ, ತಿರುಗಿ ಸರಿಯುತ್ತದೆ. ಬಂಡೆಗಳೇ ತುಂಬಿದ ಕೃಷ್ಣೆ, ತುಂಗಭದ್ರೆಯರ ಪಾತ್ರದಲ್ಲಿ ಮರದ ಉದ್ದನೆಯ ದೋಣಿಗಿಂತ ಈ ಬುಟ್ಟಿಯೇ ಬಾಳಿಕೆಗೆ ಬಂದದ್ದು ಇದೇ ಕಾರಣದಿಂದ.

ಇತಿಹಾಸದ ಪುಟಗಳಲ್ಲಿ ಹರಿಗೋಲಿಗೆ ನಾವು ತಿಳಿದದ್ದಕ್ಕಿಂತ ದೊಡ್ಡ ಸ್ಥಾನವಿದೆ. ಕೃಷ್ಣಾ ತುಂಗಭದ್ರಾ ನಡುವಿನ ರಾಯಚೂರು ದೋಆಬಿಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಕಾದಾಡಿದರು. ಪ್ರತಿ ಯುದ್ಧದಲ್ಲಿಯೂ ಮೊದಲ ಪ್ರಶ್ನೆ ಹೊಳೆ ದಾಟುವುದು ಹೇಗೆಂಬುದೇ. 1398ರ ಸುಮಾರಿಗೆ ಫಿರೋಜ್ ಷಾ ಬಹಮನಿ ದಂಡೆತ್ತಿ ಬಂದಾಗ ಕೃಷ್ಣೆ ತುಂಬಿ ಹರಿಯುತ್ತಿದ್ದಳು, ಎದುರು ದಡದಲ್ಲಿ ವಿಜಯನಗರದ ಸೈನ್ಯ ಬೀಡುಬಿಟ್ಟಿತ್ತು. ತೊಗಲು ಹೊದಿಸಿದ ಬುಟ್ಟಿಗಳಲ್ಲಿ ಸುಲ್ತಾನನ ಭಟರು ರಾತ್ರಿ ಹೊಳೆ ದಾಟಿದರೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. 1520ರ ರಾಯಚೂರು ಯುದ್ಧದಲ್ಲಿ ಇಸ್ಮಾಯಿಲ್ ಆದಿಲ್ ಷಾ ಕೃಷ್ಣೆಯನ್ನು ದಾಟಿ ಬಂದು ಕೃಷ್ಣದೇವರಾಯನ ಕೈಯಲ್ಲಿ ಸೋತ. ಹಿಂದಿರುಗಿ ಓಡಿದ ಅವನ ಸೈನಿಕರಲ್ಲಿ ಬಹುಮಂದಿ ಇದೇ ಹೊಳೆಯಲ್ಲಿ ಮುಳುಗಿ ಸತ್ತರು.

ಅದೇ ಕಾಲಕ್ಕೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡವಿನಲ್ಲಿ ಕಂಡ ಬುಟ್ಟಿದೋಣಿಗಳನ್ನು ಬೆರಗಿನಿಂದ ವರ್ಣಿಸಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂಡಬಹುದೆಂದೂ, ನೆಟ್ಟಗೆ ಸಾಗಲಾರದೆ ಅವು ಸುತ್ತುತ್ತಲೇ ಸಾಗುತ್ತವೆಂದೂ ಅವನು ಹೇಳಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡ ರಾಜ್ಯದ ವಜ್ರದ ಗಣಿಗಳನ್ನು ನೋಡಲು ಬಂದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಕೂಡ ಎತ್ತಿನ ತೊಗಲು ಹೊದಿಸಿದ ಇಂಥ ಬುಟ್ಟಿಗಳನ್ನು ಕಂಡು ಬರೆದ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ, ಬುಟ್ಟಿದೋಣಿಗಳನ್ನು ಹೇಗೆ ಕಟ್ಟಿಸಬೇಕೆಂದು ಲಿಖಿತ ಸೂಚನೆಗಳನ್ನೇ ಕೊಟ್ಟಿದ್ದ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಆ ಸೇನಾನಿಯೂ ಕೃಷ್ಣೆಯ ಮುಂದೆ ನಮ್ಮ ಅಂಬಿಗರ ವಿದ್ಯೆಗೆ ಶರಣಾಗಬೇಕಾಯಿತು.

ಅರಸರ ಕಥೆ ಪುಸ್ತಕದಲ್ಲಿದೆ. ನಮ್ಮ ಮನೆತನಗಳ ಕಥೆ ಬರವಣಿಗೆಗೆ ಬಂದಿಲ್ಲ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ನಾರಾಯಣಪೇಟೆ, ಮಕ್ತಲ್‌ಗಳು ಮಹಬೂಬನಗರ ಜಿಲ್ಲೆಯಲ್ಲಿದ್ದವು. ಹೊಳೆಯ ಎರಡೂ ದಡಗಳಲ್ಲಿ ಕನ್ನಡವೂ ತೆಲುಗೂ ಉರ್ದುವೂ ಕಲೆತು ನಡೆಯುತ್ತಿದ್ದವು. ಹೆಣ್ಣು ಕೊಡುವುದು, ತರುವುದು, ಜಾತ್ರೆ, ಸಂತೆ ಎಲ್ಲಕ್ಕೂ ಹರಿಗೋಲೇ ದಾರಿ. ನಾರಾಯಣಪೇಟೆಯ ಚೌಕಳಿ ಸೀರೆ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸಿದ ಗದ್ವಾಲ ಸೀರೆಗಳ ಗಂಟು ಹೊತ್ತವರು ಹರಿಗೋಲಿನಲ್ಲಿ ತಮ್ಮ ಪಕ್ಕದಲ್ಲಿ ಕುಳಿತಿರುತ್ತಿದ್ದುದನ್ನು ನಮ್ಮ ತಾಯಿಯವರು ಹೇಳುತ್ತಿದ್ದರು. ಗಂಟು ನೆನೆಯದಂತೆ ತಲೆಯ ಮೇಲೆಯೇ ಇಟ್ಟುಕೊಂಡು ಆಚೆ ದಡ ಸೇರುತ್ತಿದ್ದರಂತೆ.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದವು. ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಗದ್ವಾಲ ಮತ್ತು ಆಲಂಪುರ ಆಂಧ್ರಪ್ರದೇಶಕ್ಕೆ ಸೇರಿದವು. ಒಂದೇ ಮನೆಯ ಅಕ್ಕ ಒಂದು ರಾಜ್ಯ, ತಂಗಿ ಒಂದು ರಾಜ್ಯವಾದರು. ಆದರೆ ಅಂಬಿಗನು ಯಾರನ್ನೂ ನಿಮ್ಮದು ಯಾವ ರಾಜ್ಯವೆಂದು ಕೇಳಲಿಲ್ಲ. 2014ರಲ್ಲಿ ತೆಲಂಗಾಣ ರಾಜ್ಯ, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆದವು. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಮಕ್ಕಳು ಇಂದಿಗೂ ಕನ್ನಡ ಶಾಲೆಗೆ ಹೋಗುತ್ತಿದ್ದಾರೆಂದರೆ, ಹೊಳೆಯ ಆ ಹಳೆಯ ಹೋಗುಬರವೂ ಅದಕ್ಕೆ ಒಂದು ಕಾರಣ.

ಇನ್ನು ನಮ್ಮ ಸ್ವಂತ ಅನುಭವವೊಂದನ್ನು ಹೇಳಬೇಕು. ಇದುವರೆಗೆ ಸಭೆಯಲ್ಲಿ ಹೇಳಿಲ್ಲ.

1978ರ ಶ್ರಾವಣ ಮಾಸ. ನಾವು ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. 22 ಮಕ್ಕಳನ್ನು ಕರೆದುಕೊಂಡು ಕುರವಪುರಕ್ಕೆ ಒಂದು ದಿನದ ಪ್ರವಾಸ ಹೊರಟೆವು. ಕೃಷ್ಣೆಯ ನಡುಗಡ್ಡೆಯಾದ ಕುರವಪುರವು ದತ್ತಾವತಾರಿಗಳೆಂದು ನಂಬುವ ಶ್ರೀಪಾದ ಶ್ರೀವಲ್ಲಭರು ತಪಸ್ಸು ಮಾಡಿದ ಕ್ಷೇತ್ರವೆಂದು ಗುರುಚರಿತ್ರೆಯಿಂದ ಪ್ರಸಿದ್ಧ. ರಾಯಚೂರು ಕಡೆಯವರು ಆತ್ಕೂರಿನ ಮೇಲೆ, ಮಕ್ತಲ್ ಕಡೆಯವರು ಪಂಚದೇವಪಹಾಡದ ಮೇಲೆ ಅಲ್ಲಿಗೆ ಹೋಗುವುದು ವಾಡಿಕೆ. ಕಡವಿನಲ್ಲಿ ಅಂಬಿಗನು ಎರಡು ಸಲ ಹೋಗೋಣವೆಂದ. ನಾವು ಹೊತ್ತಾಗುವುದೆಂದು ಎಲ್ಲರನ್ನೂ ಒಂದೇ ಹರಿಗೋಲಿನಲ್ಲಿ ಕೂಡಿಸಿದೆವು. ನೀರು ಅಂಚಿಗೆ ಎರಡು ಬೆರಳಿನಷ್ಟು ಕೆಳಗಿತ್ತು. ಮಕ್ಕಳು ಹಾಡುತ್ತಿದ್ದರು, ಅಂಬಿಗ ಒಂದು ಮಾತೂ ಆಡಲಿಲ್ಲ. ದೈವಕೃಪೆಯಿಂದ ದಡ ಮುಟ್ಟಿದೆವು.

ದರ್ಶನ, ಪ್ರಸಾದ ಮುಗಿದು ನಾಲ್ಕು ಗಂಟೆಗೆ ಕಡವಿಗೆ ಬಂದರೆ ಅಂಬಿಗನು ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿದ್ದ. "ಮಾಸ್ತರ್ರೇ, ಹೊಳಿ ಬಣ್ಣ ತಿರುಗ್ಯಾದ. ಈಗ ನಾ ಹುಟ್ಟು ಹಾಕಂಗಿಲ್ಲ" ಎಂದ. ನಮಗೆ ನೀರು ಬೆಳಿಗ್ಗೆ ಇದ್ದಂತೆಯೇ ಕಂಡಿತು. ಆಕಾಶದಲ್ಲಿ ಮೋಡವೂ ಇರಲಿಲ್ಲ. ಸಂಜೆಗೆ ಮಕ್ಕಳನ್ನು ಮನೆ ಸೇರಿಸುವುದಾಗಿ ಪಾಲಕರಿಗೆ ಮಾತು ಕೊಟ್ಟಿದ್ದೆವು. ಎರಡರಷ್ಟು ಬಾಡಿಗೆ ಕೊಡುತ್ತೇವೆಂದೆವು. ಅವನು ಒಪ್ಪಲಿಲ್ಲ. ಮೇಲಿನವರಿಗೆ ದೂರು ಕೊಡುತ್ತೇವೆಂದು ಗದರಿದೆವು. ಅದಕ್ಕೆ ಅವನು, "ನಿಮ್ಮ ಸಾಲಿಯಾಗ ನಿಮ್ಮ ಮಾತು ನಡೀತದ, ಇಲ್ಲಿ ಹೊಳಿ ಮಾತು ನಡೀತದ" ಎಂದು ಬೀಡಿ ಹಚ್ಚಿಕೊಂಡು ಕುಳಿತ.

ಆ ರಾತ್ರಿ ಮಕ್ಕಳೊಡನೆ ದೇವಸ್ಥಾನದಲ್ಲಿಯೇ ಉಳಿದೆವು. ಅಲ್ಲಿದ್ದವರು ಮಕ್ಕಳಿಗೆ ಅನ್ನ ಸಾರು ಬಡಿಸಿದರು. ಬೆಳಗಾಗೆದ್ದು ನೋಡಿದರೆ, ಹಿಂದಿನ ದಿನ ನಾವು ಕಾಲಿಟ್ಟು ಇಳಿದ ಬಂಡೆ ಕಾಣಲಿಲ್ಲ. ಕೆಂಪು ನೀರು, ಬೇರುಸಹಿತ ಬಂದ ಮರಗಳು. ಮೇಲೆ ಎಲ್ಲೋ ಭೀಮೆಯ ಸೀಮೆಯಲ್ಲಿ ಸುರಿದ ಮಳೆ ಅದು. ನಮ್ಮ ಕಣ್ಣಿಗೆ ಕಾಣದ ಆ ಮಳೆಯನ್ನು ಅಂಬಿಗನು ನೀರಿನ ಬಣ್ಣದಲ್ಲಿಯೇ ಓದಿದ್ದ. ಮೂರನೆಯ ದಿನ ಮಧ್ಯಾಹ್ನ ಪ್ರವಾಹ ಇಳಿದ ಮೇಲೆ, ಏಳೆಂಟು ಮಕ್ಕಳಂತೆ ಮೂರು ಸಲ ದಾಟಿಸಿದ. ಆಚೆ ದಡದಲ್ಲಿ ತಾಯಂದಿರು ಎರಡು ದಿನದಿಂದ ಕುಳಿತಿದ್ದರು. ಅವರ ಅಳು, ಬೈಗಳ ನಡುವೆ ನಾವು ತಲೆ ತಗ್ಗಿಸಿ ನಿಂತೆವು. ಆ ಗಡಿಬಿಡಿಯಲ್ಲಿ ಅಂಬಿಗನಿಗೆ ಬಾಡಿಗೆ ಕೊಟ್ಟೆವೇ ಹೊರತು ಕೈಮುಗಿಯಲಿಲ್ಲ, ಅವನ ಹೆಸರನ್ನೂ ಕೇಳಲಿಲ್ಲ. ಮುಂದೆ ವಿಚಾರಿಸಿದಾಗ ಅವನು ತೀರಿಕೊಂಡಿದ್ದನೆಂದು ತಿಳಿಯಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ನಮಗೆ, ನಾವು ಕಲಿತ ದೊಡ್ಡ ಪಾಠದ ಗುರುವಿನ ಹೆಸರೇ ಗೊತ್ತಿಲ್ಲ.

ಹೊಳೆಯೂ ಬದಲಾಯಿತು. 1871ರಲ್ಲಿಯೇ ರೈಲು ಕೃಷ್ಣೆಯನ್ನು ದಾಟಿ ರಾಯಚೂರು ಮುಟ್ಟಿತ್ತು. ನಿಜಾಮರ ಕಾಲದಲ್ಲಿ ರಸ್ತೆಯ ಸೇತುವೆಯಾಯಿತು. ಕೆಳಗೆ 1995ರಲ್ಲಿ ಜೂರಾಲಾ ಯೋಜನೆ ಉದ್ಘಾಟನೆಗೊಂಡು, ಅಣೆಕಟ್ಟೆಯ ಮೇಲಿನ ರಸ್ತೆಯೇ ಗದ್ವಾಲಕ್ಕೆ ದಾರಿಯಾಯಿತು. 2013ರಲ್ಲಿ ಗದ್ವಾಲ ರಾಯಚೂರು ರೈಲು ಆರಂಭವಾಯಿತು. ಮೇಲೆ ನಾರಾಯಣಪುರ, ಆಲಮಟ್ಟಿ ಅಣೆಕಟ್ಟೆಗಳಾದವು. ಈಗ ಹೊಳೆ ಏರುವುದು ಮಳೆಯಿಂದ ಮಾತ್ರವಲ್ಲ, ಗೇಟು ತೆರೆದಾಗಲೂ ಏರುತ್ತದೆ. ದಾಂಡೇಲಿಯಲ್ಲಿ ನಮ್ಮ ಮಕ್ಕಳು ಜಾರಿದ ನೀರು ಕೂಡ ಸೂಪಾ ಅಣೆಕಟ್ಟೆಯಿಂದ ಬಿಟ್ಟದ್ದೇ. ಅಲ್ಲಿ ನೀರು ಬಿಡುವ ಹೊತ್ತು ತಿಳಿದು ದೋಣಿ ಇಳಿಸುತ್ತಾರೆ, ಪ್ರತಿಯೊಬ್ಬರಿಗೂ ತೇಲುವ ಅಂಗಿ ತೊಡಿಸುತ್ತಾರೆ, ತಲೆಗೆ ಶಿರಸ್ತ್ರಾಣ ಹಾಕಿಸುತ್ತಾರೆ. ವಿನೋದಕ್ಕೆ ನೀರಿಗಿಳಿಯುವವರಿಗೆ ಇರುವ ಈ ರಕ್ಷಣೆ, ಉಪ್ಪು ಬೇಳೆ ತರಲು ಹೊಳೆ ದಾಟುವವರಿಗೆ ಇರಬಾರದೇ? 2020ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಪಂಚದೇವಪಹಾಡದ ಕಡೆ ತೆಪ್ಪ ಮಗುಚಿ ನಡುಗಡ್ಡೆಯ ಜನ ನೀರುಪಾಲಾದರು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನಮಗೆ ಊಟ ಸೇರಲಿಲ್ಲ. ಎರಡು ಬೆರಳಿನ ಅಂತರದಲ್ಲಿ ತೇಲಿದ ನಮ್ಮ 22 ಮಕ್ಕಳೇ ಕಣ್ಮುಂದೆ ಬಂದರು.

ಆದ್ದರಿಂದ ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಎರಡು. ಮುಂದಿನ ಪ್ರವಾಸ ನಮ್ಮ ಹೊಳೆಗೇ ಇರಲಿ. ಮುದುಮಲ್ಲಿನ ಕಲ್ಲು, ತಂಗಿಡಿಯ ಸಂಗಮ, ಗದ್ವಾಲದ ಕೋಟೆ ನೋಡಿ, ಹೊಳೆ ಶಾಂತವಾಗಿರುವ ಕಾಲದಲ್ಲಿ ಕುರವಪುರಕ್ಕೆ ಹೋಗಿಬರೋಣ. ಹೋಗುವಾಗ ಸಂಘದ ಖರ್ಚಿನಿಂದ ಒಂದು ಇಪ್ಪತ್ತು ತೇಲುವ ಅಂಗಿಗಳನ್ನು ಕೊಂಡೊಯ್ದು, ನಮ್ಮ ಕೆಲಸವಾದ ಮೇಲೆ ಕಡವಿನಲ್ಲಿಯೇ ಅಂಬಿಗರಿಗೆ ಒಪ್ಪಿಸಿ ಬರೋಣ. ಎರಡನೆಯದು, ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನ ಹೆಸರು ಉಳಿದಿದೆ. ನಮ್ಮ ಕಡವುಗಳಲ್ಲಿ ಹುಟ್ಟು ಹಾಕಿದವರ ಹೆಸರು ಉಳಿದಿಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿರಿ: ಯಾವ ಕಡವು, ಯಾರ ಹರಿಗೋಲು, ಯಾವ ಮದುವೆಯ ದಿಬ್ಬಣ ದಾಟಿತು? ತಿಳಿದದ್ದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸೋಣ.

ಚಿಕ್ಕವನ ಪ್ರಶ್ನೆಗೆ ಇಷ್ಟು ಉತ್ತರ. ಈ ಚಳಿಗಾಲದಲ್ಲಿ ಅವನನ್ನು ಕಡವಿಗೆ ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದೇವೆ. ಹೊಳೆಯೂ ಅಂಬಿಗನೂ ಒಪ್ಪಿದರೆ ದಾಟುತ್ತೇವೆ. ಅವರು ಬೇಡವೆಂದರೆ ಈ ಸಲ ಎದುರುಮಾತಾಡದೆ ದಡದಲ್ಲಿಯೇ ಬುತ್ತಿ ಬಿಚ್ಚುತ್ತೇವೆ.