ಕೆರೆಯ ಖರ್ಚಿಗೆ ಕೆರೆಯದೇ ಗದ್ದೆ

ಕೃಷ್ಣೆ-ತುಂಗಭದ್ರೆಗಳ ನಡುವಣ ನಮ್ಮ ಸೀಮೆಯನ್ನು ಪ್ರಾಚೀನರು ಎಡೆದೊರೆನಾಡು ಎಂದರು. ಕೆ.ಟಿ. ದೊಡ್ಡಿ ಮಂಡಲವು 2016ರಲ್ಲಿ ರೂಪುಗೊಂಡ ಹೊಸ ಆಡಳಿತ ಘಟಕ. ಊರಿನ ಆಸ್ತಿಯನ್ನು ಕಾಯುವ ಚಿಂತೆ ಮಾತ್ರ ಬಲು ಹಳೆಯದು.

ಕನ್ನಡ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಪುಣ್ಯದ ಮಾತಿನೊಡನೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಪದಗಳೂ ಬರುತ್ತವೆ. ಕೆರೆ ಕಟ್ಟಿದವನಿಗೆ, ಅದನ್ನು ದುರಸ್ತಿಯಲ್ಲಿಡುವವನಿಗೆ ಬಿಟ್ಟುಕೊಟ್ಟ ಭೂಮಿಯನ್ನು ಇವು ಸೂಚಿಸುತ್ತವೆ. ಹೂಳು ಸಾಗಿಸುವ ಕೆರೆಬಂಡಿಗೂ ಕೆಲವೆಡೆ ದತ್ತಿಯಿತ್ತು. ಕೆರೆ ತುಂಬಿದರೆ ಆ ಗದ್ದೆ ಬೆಳೆಯುತ್ತಿತ್ತು. ಏರಿ ಒಡೆದರೆ ಕಾಯುವವನ ಪಾಲೂ ಒಣಗುತ್ತಿತ್ತು. ನನಗಿದು ಜಾಣ ಲೆಕ್ಕವೆನಿಸುತ್ತದೆ. ಅಲ್ಲಿ ಎಲ್ಲರಿಗೂ ಸಮನಾದ ನ್ಯಾಯವಿತ್ತೆಂದಲ್ಲ. ಹೂಳು ಹೊತ್ತವರ ಹೆಸರು ಶಿಲೆಯ ಮೇಲೆ ಕಾಣುವುದು ಅಪರೂಪ.

ನಿಜಾಮರ ಕಾಲದಲ್ಲಿ ಗದ್ವಾಲವು ಸಂಸ್ಥಾನವಾಗಿತ್ತು, ಬಳಿಕ ರಾಯಚೂರು ಜಿಲ್ಲೆಯ ತಾಲೂಕಾಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಗಡಿ ಸರಿಯಿತು, ಕೆರೆಗಳು ಇದ್ದಲ್ಲೇ ಇದ್ದವು.

2015ರಲ್ಲಿ ಮಿಷನ್ ಕಾಕತೀಯ ಆರಂಭವಾದಾಗ ಸರ್ಕಾರ ಕೆರೆಗಳ ಹೂಳು ತೆಗೆಸಿತು. ಫಲವತ್ತಾದ ಆ ಮಣ್ಣನ್ನು ರೈತರು ತಮ್ಮ ಖರ್ಚಿನಲ್ಲಿ ಹೊಲಗಳಿಗೆ ಸಾಗಿಸಿದರು. ಆದರೆ ಹೂಳು ಒಮ್ಮೆ ತೆಗೆದರೆ ಮುಗಿಯುವಂಥದಲ್ಲ, ಪ್ರತಿ ಮಳೆಗೂ ಮರಳಿ ಬರುತ್ತದೆ. 2018ರ ತೆಲಂಗಾಣ ಪಂಚಾಯತ್ ರಾಜ್ ಕಾಯ್ದೆಯು ಪಂಚಾಯತಿಯ ಬಜೆಟ್ಟಿನಲ್ಲಿ ಶೇ. 10ನ್ನು ಹಸಿರಿಗೆಂದೇ ಮೀಸಲಿಟ್ಟಿದೆ. ಗಿಡಕ್ಕೆ ಹೀಗೆ ಪಾಲು ತೆಗೆದಿಡಬಹುದಾದರೆ, ಕೆರೆಯ ಏರಿಗೂ ವರ್ಷವರ್ಷ ಒಂದು ಪಾಲು ಇಡಿರೆಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಲು ನಮಗೇನು ಅಡ್ಡಿ?