ಹುಚ್ಚು ಕೌದಿಯ ಕಥೆ

ಹೋದ ಭಾನುವಾರ ಕೂತು ಕನ್ನಡಕ ಇಟ್ಟುಕೊಳ್ಳುವಷ್ಟು ಚಿಕ್ಕದೊಂದು ಚೀಲ ಹೊಲಿದೆ. ಅವ್ವನ ರೇಷ್ಮೆ ಸೀರೆಗಳ ರವಿಕೆ ಹೊಲಿಸಿದಾಗ ಉಳಿದ ಚಿಂದಿ, ಹರಿದ ಕುರ್ತಾ, ಯಾರದೋ ಮದುವೆಯಲ್ಲಿ ಬಂದ ಕಣದ ತುಂಡು... ಎಲ್ಲವನ್ನೂ ಅಡ್ಡಾದಿಡ್ಡಿ ಜೋಡಿಸಿ, ತುಂಡಿಗೆ ತುಂಡು ಕೂಡುವ ಗೆರೆಗಳ ಮೇಲೆ ಮಷಿನ್ನಿನಲ್ಲೇ ಎಲೆ, ಬಳ್ಳಿ, ಗರಿಗಳ ಹೊಲಿಗೆ ಓಡಿಸಿದೆ. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಚಂದ ಐತಿ. ಆದ್ರ ಇದನ್ನ ನೀ ಹೊಲ್ದಿಯೋ, ಮಷಿನ್ ಹೊಲೀತೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಟನ್ ಒತ್ತಿದ್ದು ನಾನು, ಎಲೆ ಬಿಡಿಸಿದ್ದು ಅದು! ಇಡೀ ಕೌದಿಯನ್ನು ಕೈಯಲ್ಲೇ ಹೊಲಿಯುತ್ತಿದ್ದ ಅಜ್ಜಿ ಇದ್ದ ಮನೆಯಲ್ಲಿ ಈ ಪ್ರಶ್ನೆ ಸ್ವಲ್ಪ ಚುಚ್ಚುತ್ತದೆ. ಹಾಗಾಗಿ ನಾನು ಮಾಡಿದ ಈ ಕೆಲಸದ ಮೂಲ ಎಲ್ಲಿಯದು ಅಂತ ಹುಡುಕುತ್ತಾ ಹೋದೆ.

ಇದಕ್ಕೆ 'ಕ್ರೇಜಿ ಕ್ವಿಲ್ಟ್' ಅಂತ ಹೆಸರು. ಅಮೆರಿಕದಲ್ಲಿ ಹೆಂಗಸರು ಮೊದಲಿಂದಲೂ ಬಟ್ಟೆ ತುಂಡುಗಳನ್ನು ಜೋಡಿಸಿ ಹೊದಿಕೆ ಮಾಡುತ್ತಿದ್ದರು. ಆದರೆ ಬಹಳಷ್ಟು ಅಳತೆಗೆ ಕತ್ತರಿಸಿದ ಚೌಕ, ತ್ರಿಕೋನಗಳ ಲೆಕ್ಕಾಚಾರದ ಕೆಲಸ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ದೇಶದ ನೂರನೇ ವರ್ಷದ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಜಪಾನಿನ ಪಿಂಗಾಣಿ, ಪರದೆ, ಬೀಸಣಿಗೆಗಳನ್ನು ಜನ ಮುಗಿಬಿದ್ದು ನೋಡಿದರು. ಎಡಬಲ ಸಮ ಇರಬೇಕೆಂಬ ಹಟವಿಲ್ಲದ ಆ ವಿನ್ಯಾಸ ಅವರಿಗೆ ಹೊಸದು. ಲಂಡನ್ನಿನ ರಾಯಲ್ ಸ್ಕೂಲ್ ಆಫ್ ಆರ್ಟ್ ನೀಡಲ್‌ವರ್ಕ್‌ನವರ ಕಸೂತಿಯೂ ಅಲ್ಲೇ ಇತ್ತು. ಇವೆರಡೂ ಕೂಡಿ ಅಮೆರಿಕದ ಹೆಂಗಸರ ತಲೆಯಲ್ಲಿ ಹುಳ ಬಿಟ್ಟವು ಅನ್ನುತ್ತಾರೆ ಇತಿಹಾಸಕಾರರು. 'ಕ್ರೇಜಿ' ಅಂದರೆ ಬರೀ ಹುಚ್ಚಲ್ಲ. ಪಿಂಗಾಣಿಯ ಹೊಳಪಿನ ಮೇಲೆ ಬೀಳುವ ಕೂದಲೆಳೆಯ ಬಿರುಕುಗಳಿಗೂ ಇಂಗ್ಲಿಷಿನಲ್ಲಿ ಇದೇ ಮೂಲದ ಪದ.

1880ರ ದಶಕದಲ್ಲಿ ಇದು ನಿಜಕ್ಕೂ ಹುಚ್ಚಿನಂತೆ ಹಬ್ಬಿತು. ರೇಷ್ಮೆ, ಮಖಮಲ್ಲು, ಟೋಪಿಯ ರಿಬ್ಬನ್ನು, ಸಿಗಾರ್ ಕಟ್ಟುಗಳಿಗೆ ಸುತ್ತುತ್ತಿದ್ದ ರೇಷ್ಮೆ ಪಟ್ಟಿ, ಚುನಾವಣೆಯ ರಿಬ್ಬನ್ನು, ಏನು ಸಿಕ್ಕರೆ ಅದು. ತುಂಡುಗಳನ್ನು ಒಂದು ತಳಬಟ್ಟೆಯ ಮೇಲೆ ಹರಡಿ, ಅಂಚು ಒಳಕ್ಕೆ ಮಡಚಿ, ಮೇಲೆ ಗರಿ ಹೊಲಿಗೆ, ಮೀನುಮೂಳೆ ಹೊಲಿಗೆ. ಎಷ್ಟೋ ಕಡೆ ಆ ಅಲಂಕಾರದ ಹೊಲಿಗೆಯೇ ತುಂಡುಗಳನ್ನು ಹಿಡಿದಿಡುವ ಹೊಲಿಗೆಯೂ ಆಗಿತ್ತು. ನಡುನಡುವೆ ಬೀಸಣಿಗೆ, ಗೂಬೆ, ಜೇಡರ ಬಲೆ. ಮೂಲೆಯಲ್ಲಿ ಹೆಸರು, ಇಸವಿ. ಹೆಚ್ಚಿನವು ಚಳಿಗೆ ಹೊದೆಯಲು ಅಲ್ಲ, ಬಂದವರಿಗೆ ಕಾಣಲಿ ಅಂತ ನಡುಮನೆಯ ಸೋಫಾದ ಮೇಲೆ ಹಾಸಲು.

ಇಲ್ಲೇ ನಮ್ಮ ಕೌದಿಗೂ ಅದಕ್ಕೂ ವ್ಯತ್ಯಾಸ. ಅಳತೆಯಿಲ್ಲದೆ ಸಿಕ್ಕ ತುಂಡು ಜೋಡಿಸುವುದು ನಮಗೇನು ಹೊಸದಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ನಡುವಿನವರೆಗೆ ಹೊಲಿಯುತ್ತಾ ಬರುವ ಕೌದಿಗಳು ಯಾವ ಕ್ರೇಜಿ ಕ್ವಿಲ್ಟಿಗೂ ಕಡಿಮೆಯಿಲ್ಲ. ಆದರೆ ಕೌದಿ ಹುಟ್ಟಿದ್ದು ಚಳಿಯಿಂದ. ಕ್ರೇಜಿ ಕ್ವಿಲ್ಟ್ ಹುಟ್ಟಿದ್ದು ಬಿಡುವಿನಿಂದ.

ಆ ಬಿಡುವು ಎಲ್ಲಿಂದ ಬಂತು? ಹೊಲಿಗೆ ಯಂತ್ರದಿಂದಲೂ ಬಂತು! ಎಲಿಯಾಸ್ ಹೋವ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ. ಆಮೇಲೆ ಸಿಂಗರ್ ಕಂಪನಿ ಕಂತಿನ ಮೇಲೆ ಮಾರತೊಡಗಿತು. ಕೈಯಲ್ಲಿ ಸುಮಾರು ಹದಿನಾಲ್ಕು ತಾಸು ಹಿಡಿಯುತ್ತಿದ್ದ ಒಂದು ಅಂಗಿ ಮಷಿನ್ನಿನಲ್ಲಿ ಒಂದೂಕಾಲು ತಾಸಿಗೆ ಮುಗಿಯುತ್ತದೆ ಅನ್ನುವುದು ಆಗ ಯಂತ್ರ ಮಾರುವವರು ಕೊಡುತ್ತಿದ್ದ ಲೆಕ್ಕ. (ಮಾರುವವರ ಲೆಕ್ಕ, ಅರ್ಧ ನಂಬಿದರೂ ಸಾಕು!) ನೇರ ಹೊಲಿಗೆಯ ಚಾಕರಿ ಯಂತ್ರಕ್ಕೆ ಹೋಯಿತು, ಕೈಗೆ ಚಂದದ ಕೆಲಸ ಉಳಿಯಿತು ಅಂತ ನನಗನ್ನಿಸುತ್ತದೆ.

ಅಷ್ಟೇ ಅಲ್ಲ. ನ್ಯೂಜೆರ್ಸಿಯ ಪ್ಯಾಟರ್ಸನ್ ಊರಿನಂಥ ಕಡೆ ಕಾರ್ಖಾನೆಗಳು ರೇಷ್ಮೆಯನ್ನು ಅಗ್ಗ ಮಾಡಿದ್ದವು. ಚಿಂದಿಯ ಕಟ್ಟುಗಳೇ ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಕಸೂತಿ ಮಾಡಿಟ್ಟ ಹೂಗಳನ್ನು ಕೊಂಡು ಅಂಟಿಸಿ ಹೊಲಿಯಬಹುದಿತ್ತು. ಅಂದರೆ 'ಅಪ್ಪಟ ಕೈಕೆಲಸ' ಅಂತ ನಾವು ಈಗ ಕೈಮುಗಿಯುವ ಆ ಕ್ವಿಲ್ಟು ಮೊದಲಿಂದಲೂ ಯಂತ್ರಯುಗದ ಕೂಸು.

ಉಳಿದಿದ್ದ ಚಂದದ ಕೆಲಸಕ್ಕೂ ಯಂತ್ರ ನಿಧಾನವಾಗಿ ಕೈಹಾಕಿತು. ಹೆಲೆನ್ ಬ್ಲಾಂಚರ್ಡ್ ಎಂಬಾಕೆ 1873ರಲ್ಲೇ ಅಂಕುಡೊಂಕು ಹೊಲಿಗೆಯ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದಳು. ಆದರೆ ಅದು ಮನೆಮನೆಯ ಮಷಿನ್ನಿಗೆ ಬಂದದ್ದು ಇಪ್ಪತ್ತನೇ ಶತಮಾನದ ನಡುವಿನಲ್ಲಿ. ಸ್ವಿಟ್ಜರ್ಲೆಂಡಿನ ಎಲ್ನಾ ಕಂಪನಿ 1952ರಲ್ಲಿ ಸೂಪರ್‌ಮ್ಯಾಟಿಕ್ ಅನ್ನುವ ಮಷಿನ್ ತಂದಿತು. ಅದರೊಳಗೆ ಬದಲಾಯಿಸಬಹುದಾದ ಪುಟ್ಟ ಬಿಲ್ಲೆಗಳು, ಅವುಗಳಿಗೆ 'ಕ್ಯಾಮ್' ಅಂತ ಹೆಸರು. ಬಿಲ್ಲೆಯ ಅಂಚು ಉಬ್ಬುತಗ್ಗು. ಅದು ತಿರುಗುವಾಗ ಒಂದು ಕಡ್ಡಿ ಆ ಅಂಚನ್ನು ಸವರುತ್ತಾ ಹೋಗುತ್ತದೆ. ಉಬ್ಬು ಬಂದರೆ ಸೂಜಿ ಒಂದು ಕಡೆಗೆ, ತಗ್ಗು ಬಂದರೆ ಇನ್ನೊಂದು ಕಡೆಗೆ. ಬಿಲ್ಲೆ ಬದಲಿಸಿದರೆ ಹೊಲಿಗೆ ಬದಲು. ಓದಿದಾಗ ಕುರ್ಚಿಯಿಂದ ಎದ್ದುಬಿಟ್ಟೆ... ಇದು ಪ್ರೋಗ್ರಾಮೇ ಅಲ್ಲವಾ! ಪ್ಲಾಸ್ಟಿಕ್ಕಿನಲ್ಲಿ ಕೊರೆದ ಕೋಡ್. 1975ರಲ್ಲಿ ಸಿಂಗರ್ ಅಥೀನಾ 2000 ಬಂದಾಗ ಆ ಉಬ್ಬುತಗ್ಗುಗಳು ಎಲೆಕ್ಟ್ರಾನಿಕ್ ಚಿಪ್ಪಿಗೆ ಹೋದವು. ನಾನು ಒತ್ತಿದ ಬಟನ್ ಅದರ ಮೊಮ್ಮಗು.

ಇನ್ನೊಂದು ಸಂಗತಿ ಓದಿ ಮನಸ್ಸು ಭಾರವಾಯಿತು. ಆಗಿನ ಕಾರ್ಖಾನೆಗಳು ರೇಷ್ಮೆ ತೂಕ ಬರಲಿ, ಧರಿಸಿದಾಗ ಸರಸರ ಅನ್ನಲಿ ಅಂತ ಅದಕ್ಕೆ ತವರ, ಕಬ್ಬಿಣದ ಲವಣ ಕುಡಿಸುತ್ತಿದ್ದವು. ನೂರು ವರ್ಷ ಕಳೆಯುವಷ್ಟರಲ್ಲಿ ಅಂಥ ರೇಷ್ಮೆ ಒಣ ಎಲೆಯಂತೆ ಸೀಳಿ ಉದುರುತ್ತದೆ. ಈಗ ಮ್ಯೂಸಿಯಂಗಳಲ್ಲಿರುವ ಎಷ್ಟೋ ಕ್ರೇಜಿ ಕ್ವಿಲ್ಟುಗಳಲ್ಲಿ ಬಟ್ಟೆ ಹೋಗಿದೆ, ಸುತ್ತಲಿನ ಗರಿ ಹೊಲಿಗೆ ಮಾತ್ರ ಹಾಗೇ ನಿಂತಿದೆ. ಕಾರ್ಖಾನೆ ಮಾಡಿದ್ದು ಹೋಯಿತು, ಕೈ ಮಾಡಿದ್ದು ಉಳಿಯಿತು.

ಹಾಗಾದರೆ ಅವ್ವನ ಪ್ರಶ್ನೆಗೆ ಉತ್ತರ? ಯಾವ ತುಂಡಿನ ಪಕ್ಕ ಯಾವ ತುಂಡು, ಹಸಿರಿನ ಮೇಲೆ ಯಾವ ದಾರ, ಬಳ್ಳಿ ಎಲ್ಲಿ ನಿಲ್ಲಬೇಕು, ಇದನ್ನು ಯಾವ ಬಿಲ್ಲೆಯೂ ಚಿಪ್ಪೂ ಹೇಳುವುದಿಲ್ಲ. ಆಗಿನ ಹೆಂಗಸರೂ ಕೊಂಡದ್ದನ್ನು ಕೊಂಡು, ಉಳಿದದ್ದನ್ನು ತಾವು ಮಾಡಿ, ಮೂಲೆಯಲ್ಲಿ ಧೈರ್ಯವಾಗಿ ತಮ್ಮ ಹೆಸರನ್ನೇ ಹಾಕಿದರು. ನಾನೂ ಹಾಕಬಹುದು.

ಇಷ್ಟೆಲ್ಲ ಅವ್ವನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. ಎದ್ದು ಹೋಗಿ ಟ್ರಂಕಿನಿಂದ ಅಜ್ಜಿಯ ಇಳಕಲ್ ಸೀರೆಯ ಸೆರಗಿನ ತುಂಡೊಂದನ್ನು ತಂದು ನನ್ನ ಕೈಗಿಟ್ಟಳು. "ಮುಂದಿನ ಚೀಲಕ್ಕ ಇದನ್ನ ಹಾಕು. ಆದ್ರ ಇದರ ಸುತ್ತ ಮಷಿನ್ ಬ್ಯಾಡ, ಕೈಲೇ ಹೊಲಿ."

ನಾಲ್ಕು ದಿನದಿಂದ ಹಳೇ ಬಟ್ಟೆಯ ಮೇಲೆ ಗರಿ ಹೊಲಿಗೆ ಕಲಿಯುತ್ತಿದ್ದೇನೆ. ಸದ್ಯಕ್ಕೆ ಕೋಳಿ ಕೆದರಿದ ಹಾಗಿದೆ :)