ನಿದ್ದಿ ಗುಳಿಗಿ, ಫಿಟ್ಸ್ ಗುಳಿಗಿ: ಒಂದೇ ಗೇಟಿನ ಕಥಿ

ಅಕ್ಕಾರ, ತಂಗೇರ, ಈ ಸಲ ಅಡಗಿಮನಿ ಬಿಟ್ಟು ಔಷಧದ ಡಬ್ಬಿಗೆ ಬಂದೇನಿ. ನಮ್ಮ ಬಾಗಲಕೋಟಿ, ಹುನಗುಂದ, ಇಳಕಲ್ಲ, ಬಾದಾಮಿ ಕಡೆ ಎಷ್ಟೋ ಮನ್ಯಾಗ ಎರಡು ನಮೂನಿ ಗುಳಿಗಿ ಇರ್ತಾವ. ಒಂದು ಅತ್ತಿಯವರ ನಿದ್ದಿ ಗುಳಿಗಿ. ಅದನ್ನ ಅವರು ಎಲ್ಲಾರ ಮುಂದ ನುಂಗ್ತಾರ, ಬಾಜೂ ಮನ್ಯಾಕಿ ನಿದ್ದಿ ಬರವಲ್ದು ಅಂದ್ರ ಅಕಿಗೂ ಒಂದು ಕೊಡ್ತಾರ. ಇನ್ನೊಂದು ಸೊಸಿಯ ಫಿಟ್ಸ್ ಗುಳಿಗಿ. ಅದು ಡಬ್ಬ್ಯಾಗ ಇರೂದೇ ಇಲ್ಲ, ಟ್ರಂಕಿನಾಗ ಸೀರಿ ಮಡಿಕಿ ನಡುವ ಇರ್ತೈತಿ. ಮೊದಲನೇದಕ್ಕ ಯಾರೂ ಅಂಜೂದಿಲ್ಲ, ಎರಡನೇದಕ್ಕ ಎಲ್ಲಾರೂ ನಾಚ್ಕೋತಾರ. ಆದ್ರ ಬಹಳ ಸಲ ಈ ಎರಡೂ ಒಂದೇ ಮನೆತನದ ಗುಳಿಗಿ ಇರ್ತಾವ. ಹೆಂಗಂತ ಕೇಳ್ರಿ.

ಫಿಟ್ಸಿಗೆ ನಮ್ಮ ಕಡೆ ಏನೇನು ಮಾಡ್ತಿದ್ರು ಅನ್ನೂದು ನಿಮಗೆಲ್ಲಾ ಗೊತ್ತೈತಿ. ಕೀಲಿಕೈ ಗೊಂಚಲ ಅಂಗೈಯಾಗ ತುರುಕೂದು, ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡಿಯೂದು, ಗಾಳಿ ಸೋಕೇತಿ ಅಂತ ತಾಯತ ಕಟ್ಟಿಸೂದು. ಹೊರದೇಶದಾಗೂ ಬಹಳ ದಿನ ಇಂಥಾದ್ದೇ ನಡದಿತ್ತು. 1857ರಾಗ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಅನ್ನೋ ಡಾಕ್ಟರು, ವಿಕ್ಟೋರಿಯಾ ರಾಣಿಯ ಹೆರಿಗಿ ಮಾಡಿಸಿದವರು, ಬ್ರೋಮೈಡ್ ಅನ್ನೋ ಉಪ್ಪಿನಿಂದ ಫಿಟ್ಸ್ ಕಡಿಮಿ ಆಗ್ತಾವ ಅಂತ ಹೇಳಿದ್ರು. ಗುಣ ಕಂಡಿದ್ದು ಖರೆ, ಆದ್ರ ಬ್ರೋಮೈಡ್ ತಗೊಂಡವರು ಮಂಕಾಗಿ ಕೂಡ್ತಿದ್ರು, ಮೈಮ್ಯಾಲೆ ಗುಳ್ಳಿ ಏಳ್ತಿದ್ದುವು.

ಅದೇ ಹೊತ್ತಿನ್ಯಾಗ ಜರ್ಮನಿಯ ರಸಾಯನ ಶಾಸ್ತ್ರದವರು ಬ್ಯಾರೆ ಕೆಲಸ ನಡಿಸಿದ್ರು. 1864ರಾಗ ಅಡಾಲ್ಫ್ ಫಾನ್ ಬೇಯರ್ ಅನ್ನೋರು ಬಾರ್ಬಿಟ್ಯೂರಿಕ್ ಆಮ್ಲ ಮಾಡಿದ್ರು. ಅದರಿಂದ ಯಾರಿಗೂ ನಿದ್ದಿ ಬರ್ತಿರಲಿಲ್ಲ. ಸುಮಾರು 40 ವರ್ಷ ಆದಮ್ಯಾಲೆ, 1903ರಾಗ, ಎಮಿಲ್ ಫಿಷರ್ ಮತ್ತ ಫಾನ್ ಮೆರಿಂಗ್ ಅದಕ್ಕ ಎರಡು ಸಣ್ಣ ತುಂಡು ಜೋಡಿಸಿ ನಿದ್ದಿ ಔಷಧ ಮಾಡಿದ್ರು. ಮುಂದ ಅದರಾಗಿನ ಒಂದು ತುಂಡು ತಗದು ಬ್ಯಾರೆ ತುಂಡು ಹಾಕಿದ್ರು. ಅದೇ ಫಿನೋಬಾರ್ಬಿಟಾಲ್. ಇಳಕಲ್ಲ ಸೀರಿಯ ಒಡಲು ಹಂಗೇ ಇಟ್ಟು ಗೋಮಿ ದಡಿ ಬದಲಿಗೆ ಗಾಡಿ ದಡಿ ನೇಯ್ದಂಗ ಅನ್ಕೋರಿ. ಔಷಧ ಹುಡುಕುವವರ ಕಸಬು ಇವತ್ತಿಗೂ ಇದೇ ಐತಿ: ಒಡಲು ಇಡು, ದಡಿ ಬದಲಿಸು, ಗುಣ ನೋಡು.

1912ರಾಗ ಈ ಫಿನೋಬಾರ್ಬಿಟಾಲ್ ಲ್ಯೂಮಿನಾಲ್ ಅನ್ನೋ ಹೆಸರಿಲೆ ನಿದ್ದಿ ಗುಳಿಗಿ ಅಂತ ಪ್ಯಾಟಿಗೆ ಬಂತು. ಜರ್ಮನಿಯ ಫ್ರೈಬುರ್ಗ್ ಊರಾಗ ಆಲ್ಫ್ರೆಡ್ ಹಾಪ್ಟ್‌ಮನ್ ಅನ್ನೋ ಎಳೇ ಡಾಕ್ಟರು ಫಿಟ್ಸ್ ರೋಗಿಗಳನ್ನ ನೋಡ್ಕೋತಿದ್ರು. ರಾತ್ರಿ ಆ ರೋಗಿಗಳು ಒಂದೀಟು ಮಲಗಲಿ ಅಂತ ಈ ಗುಳಿಗಿ ಕೊಟ್ರು. ಅವರು ಮಲಗಿದ್ದು ಅಷ್ಟೇ ಅಲ್ಲ, ಹಗಲಿನ ಫಿಟ್ಸೂ ಕಡಿಮಿ ಆದುವು. ನಿದ್ದಿ ಗುಳಿಗಿ ಫಿಟ್ಸ್ ಗುಳಿಗಿ ಆಗಿದ್ದು ಹಿಂಗ. ಈ ಹಾಪ್ಟ್‌ಮನ್ ಯಹೂದಿ; ಹಿಟ್ಲರನ ಕಾಲಕ್ಕ ದೇಶ ಬಿಟ್ಟು ಅಮೆರಿಕಾಕ್ಕ ಹೋಗಬೇಕಾತು. ಅವರು ಗುಣ ಕಂಡ ಗುಳಿಗಿ ಮಾತ್ರ ಜಗತ್ತೆಲ್ಲಾ ತಿರುಗಿ ಗಾರ್ಡಿನಾಲ್ ಅನ್ನೋ ಹೆಸರಿಲೆ ನಮ್ಮೂರ ಔಷಧದ ಅಂಗಡಿಗೂ ಬಂತು.

ಈಗ ಅತ್ತಿಯವರ ಗುಳಿಗಿಗೆ ಬರೂಣು. ಲಿಯೋ ಸ್ಟರ್ನ್‌ಬಾಖ್ ಅನ್ನೋರೂ ಯುರೋಪ್ ಬಿಟ್ಟು ಅಮೆರಿಕಾಕ್ಕ ಹೋದ ಯಹೂದಿನೇ. 1957ರಾಗ ಅವರ ಪ್ರಯೋಗಶಾಲಿಯ ಮ್ಯಾಜು ಸ್ವಚ್ಛ ಮಾಡುಮುಂದ, ಹಿಂದ ಮಾಡಿ ಪರೀಕ್ಷಿಗೆ ಕಳಿಸದs ಬಿಟ್ಟಿದ್ದ ಪುಡಿ ಸಿಕ್ತು. ಒಗದುಬಿಡೂದರ ಬದಲಿ ಪರೀಕ್ಷಿಗೆ ಕೊಟ್ರು. ಅದು 1960ರಾಗ ಲಿಬ್ರಿಯಮ್ ಆತು. 1963ರಾಗ ಅದರ ತಂಗಿ ವೇಲಿಯಮ್, ಅಂದ್ರ ಡಯಾಜಿಪಾಮ್, ಬಂತು. ಇವತ್ತು ನಮ್ಮ ಮನ್ಯಾಗ ಕಾಣೋ ಅಲ್ಪ್ರಜೋಲಾಮ್, ಕ್ಲೋನಾಜಿಪಾಮ್ ಇದೇ ಬಳಗ. ಫಿಟ್ಸಿಗೆ ಕೊಡೋ ಕ್ಲೋಬಜಾಮ್ ಕೂಡ ಇದೇ ಬಳಗದ್ದು.

ಇಷ್ಟೆಲ್ಲಾ ಗುಳಿಗಿ ಮಾರಾಟ ಆದುವು, ಆದ್ರ ಅವು ತಲಿಯೊಳಗ ಎಲ್ಲಿ ಹೋಗಿ ಏನು ಮಾಡ್ತಾವ ಅನ್ನೂದು ಮಾಡಿದವರಿಗೇ ಗೊತ್ತಿರಲಿಲ್ಲ. ಮೆದುಳಿನಾಗ ಗಾಬಾ ಅನ್ನೋ ಪದಾರ್ಥ ಐತಿ ಅಂತ ತಿಳಿದದ್ದು 1950ರಾಗ. ವೇಲಿಯಮ್ ಹೋಗಿ ಕೂಡೋ ಜಾಗಾ ಸಿಕ್ಕಿದ್ದು 1977ರಾಗ. ಡೆನ್ಮಾರ್ಕಿನವರು, ಸ್ವಿಟ್ಜರ್ಲೆಂಡಿನವರು ಬ್ಯಾರೆಬ್ಯಾರೆ ದುಡದು ಒಂದೇ ವರ್ಷ ಕಂಡುಹಿಡದ್ರು.

ಆ ಜಾಗಾ ಹೆಂಗೈತಿ ಅಂದ್ರ, ನಮ್ಮ ಆಲಮಟ್ಟಿ ಡ್ಯಾಮಿನ ಗೇಟ್ ನೆನಸ್ರಿ. ಮೆದುಳಿನ ನರದ ಮ್ಯಾಲೆ ಸಣ್ಣ ಸಣ್ಣ ಗೇಟ್ ಅದಾವ. ಗಾಬಾ ಬಂದು ಗೇಟ್ ತಗೀತೈತಿ, ಕ್ಲೋರೈಡ್ ಒಳಗ ಹರೀತೈತಿ, ಕುದಿಯೋ ನರ ತಣ್ಣಗಾಗ್ತೈತಿ. ಫಿಟ್ಸ್ ಅಂದ್ರ ನರಗಳು ಒಮ್ಮಿಗೇ ಕುದ್ದು ಉಕ್ಕೂದು. ಅಲ್ಪ್ರಜೋಲಾಮ್‌ನಂಥವು ಗಾಬಾದ ಬಾಜೂ ನಿಂತು ಗೇಟ್ ಮತ್ತ ಮತ್ತ ತಗಿಯೂಹಂಗ ಮಾಡ್ತಾವ. ಗಾರ್ಡಿನಾಲ್ ತಗದ ಗೇಟನ್ನ ಹೆಚ್ಚು ಹೊತ್ತು ಹಿಡೀತೈತಿ. ಮಿತಿ ಮೀರಿದ್ರ ಗಾಬಾ ಇಲ್ಲದನೂ ತಾನೇ ಗೇಟ್ ತಗೀತೈತಿ. ಸೆರಿ ಕೆಲಸ ಮಾಡೂದೂ ಈ ಗೇಟಿನ ಮ್ಯಾಲೇ. ಅದಕ್ಕೇ ಸೆರಿ ಕುಡದು ನಿದ್ದಿ ಗುಳಿಗಿ ನುಂಗಿದ್ರ ಮಲಗಿದಲ್ಲೇ ಉಸರು ನಿಲ್ಲಬಹುದು. ಹಾಂ, ಫಿಟ್ಸ್ ಗುಳಿಗಿ ಎಲ್ಲಾ ಈ ಜಾತಿಯವಲ್ಲ. ಫೆನಿಟೊಯಿನ್‌ದು ಬ್ಯಾರೆ ದಾರಿ.

ದಿನಾ ಗುಳಿಗಿ ತಗದ್ರ ಮೆದುಳು ಅದಕ್ಕ ಹೊಂದ್ಕೋತೈತಿ. ಒಮ್ಮಿಗೇ ಬಿಟ್ರ ಗೇಟ್ ಧಡಲ್ ಅಂತ ಮುಚ್ಚಿದಂಗ, ನರ ಉಕ್ಕಿ ಬರ್ತಾವ. ಇದಕ್ಕ ದೂರ ಹೋಗೂದು ಬ್ಯಾಡ. ರಾಯಚೂರ ಕಡೆ ಹೆಂಡಕ್ಕ ಸಿ.ಎಚ್. ಪುಡಿ ಬೆರಸೋ ಸುದ್ದಿ ಪೇಪರಿನಾಗ ಓದೀರಿ. ಆ ಪುಡಿ, ಕ್ಲೋರಲ್ ಹೈಡ್ರೇಟ್, 1869ರಿಂದ ಬಳಕ್ಯಾಗಿದ್ದ ಹಳೇ ನಿದ್ದಿ ಔಷಧ, ಅದರದೂ ಇದೇ ಗೇಟು. 2015ರಾಗ ಆಚಿ ಬದಿ ತೆಲಂಗಾಣದಾಗ ಬೆರಕಿ ಬಂದ್ ಮಾಡಿದಾಗ ದಿನಾ ಕುಡಿಯೋ ಮಂದಿ ನಡುಕ, ಫಿಟ್ಸ್ ಬಂದು ದವಾಖಾನಿ ತುಂಬಿದ್ರು. ಹೆಂಡ ಬಿಟ್ಟಾಗ ಆದದ್ದು ಗುಳಿಗಿ ಒಮ್ಮಿಗೇ ಬಿಟ್ಟಾಗ್ಲೂ ಆಗ್ತೈತಿ.

ಇಲ್ಲೇ ನಮ್ಮ ಹೆಣ್ಣಮಕ್ಕಳ ಸಂಕಟ ಐತಿ. ನಮ್ಮ ಓಣ್ಯಾಗ ಒಬ್ಬಾಕಿ ಇದ್ಲು, ಮಗ್ಗಕ್ಕ ಕಂಡಿಕಿ ಸುತ್ತಾಕಿ. ತವರಮನ್ಯಾಗ ದಿನಾ ಗುಳಿಗಿ ತಗೊಂಡು ವರ್ಷಗಟ್ಲೆ ಆರಾಮಿದ್ಲು. ಲಗ್ನ ಆದಮ್ಯಾಲೆ ಗಂಡನ ಮನ್ಯಾಗ ಗೊತ್ತಾದೀತು ಅಂತ ಒಮ್ಮಿಗೇ ಬಿಟ್ಲು. ಮೂರನೇ ದಿನ ಒಲಿ ಮುಂದ ಬಿದ್ದು ಕೈ ಸುಟ್ಕೊಂಡ್ಲು. ಬ್ಯಾನಿಗಿಂತ ಅಂಜಿಕಿನೇ ಅಕಿಗೆ ಹೆಚ್ಚು ಕೇಡು ಮಾಡ್ತು.

ಈ ಅಂಜಿಕಿ ಬರೇ ಮಂದಿ ಬಾಯಾಗ ಇರಲಿಲ್ಲ, ಕಾಯ್ದೆದಾಗೂ ಇತ್ತು. ಹಿಂದೂ ವಿವಾಹ ಕಾಯ್ದೆಗೆ 1976ರಾಗ ಮಾಡಿದ ತಿದ್ದುಪಡಿ, ಮತ್ತ ಮತ್ತ ಮೂರ್ಛೆ ಬರೋರು ಲಗ್ನಕ್ಕ ಯೋಗ್ಯ ಅಲ್ಲ ಅಂತ ಹುಚ್ಚಿನ ಜೋಡಿ ಮೂರ್ಛೆ ರೋಗಾನೂ ಸೇರಿಸಿತ್ತು. 1999ರಾಗ ಆ ಮಾತು ತಗದು ಹಾಕಿದ್ರು. ಕಾಯ್ದೆದಾಗಿಂದ ಹೋಗಿ 25 ವರ್ಷ ದಾಟಿತು, ನಮ್ಮ ಕನ್ಯಾ ನೋಡೋ ಮಾತಿನಾಗಿಂದ ಇನ್ನೂ ಹೋಗಿಲ್ಲ.

ಗುಣ ಆಗೂದಿಲ್ಲ ಅನ್ನೋರಿಗೆ ನಮ್ಮ ರಾಜ್ಯದ್ದೇ ಉತ್ತರ ಐತಿ. 1980ರ ದಶಕದಾಗ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲಾದಾಗ ಹಳ್ಳಿ ಆರೋಗ್ಯ ಕೇಂದ್ರದ ಡಾಕ್ಟರಿಗೆ, ನರ್ಸಬಾಯಿಗೋಳಿಗೆ ಕಲಿಸಿ, ಮಾನಸಿಕ ರೋಗಕ್ಕೂ ಫಿಟ್ಸಿಗೂ ಅಲ್ಲೇ ಔಷಧ ಸಿಗೂಹಂಗ ಮಾಡಿದ್ರು. 1996ರಾಗ ಸುರು ಆದ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕ ಬಳ್ಳಾರಿನೇ ಮಾದರಿ. ಈಚಿ ಬದಿ ಯಳಂದೂರ ತಾಲೂಕಿನಾಗ ಬೆಂಗಳೂರಿನ ನರರೋಗ ಡಾಕ್ಟರು ಕೆ. ಎಸ್. ಮಣಿ ಮತ್ತ ಅವರ ಜೊತಿಗಾರರು ಹಳ್ಳಿ ಮಂದಿಗೆ ಫಿನೋಬಾರ್ಬಿಟಾಲ್ ಇಲ್ಲಾ ಫೆನಿಟೊಯಿನ್, ಎರಡೂ ಅಗ್ಗದ ಹಳೇ ಗುಳಿಗಿ, ಕೊಟ್ಟು ವರ್ಷಗಟ್ಲೆ ನೋಡಿದ್ರು. ಬಹಳ ಮಂದಿಗೆ ಫಿಟ್ಸ್ ಹತೋಟಿಗೆ ಬಂದುವು. ಅದು 2001ರಾಗ ಲ್ಯಾನ್ಸೆಟ್ ಅನ್ನೋ ದೊಡ್ಡ ಪತ್ರಿಕ್ಯಾಗ ಅಚ್ಚಾತು.

ಹಂಗಾರ ನಾವೇನು ಮಾಡಬೇಕು? ಫಿಟ್ಸ್ ಗುಳಿಗಿ ಡಾಕ್ಟರ ಹೇಳದs ಬಿಡಬ್ಯಾಡ್ರಿ. ಬಸರಾದ್ರಂತೂ ಬಿಡೂದೂ ಬ್ಯಾಡ, ಮುಚ್ಚಿಡೂದೂ ಬ್ಯಾಡ. ಮಗು ಬೇಕು ಅನ್ನೂ ಮೊದಲೇ ಡಾಕ್ಟರ ಕೂಡ ಮಾತಾಡ್ರಿ, ಗುಳಿಗಿ ಬದಲಿಸೂದಿದ್ರ ಅವರು ಬದಲಿಸ್ತಾರ. ಫಿಟ್ಸ್ ಬಂದವರನ್ನ ಮಗ್ಗಲಕ್ಕ ಹೊಳ್ಳಿಸಿ ಮಲಗಿಸ್ರಿ, ಬಾಯಾಗ ಏನೂ ತುರುಕಬ್ಯಾಡ್ರಿ, ಗಡಿಯಾರ ನೋಡ್ರಿ. 5 ನಿಮಿಷ ದಾಟಿದ್ರ ದವಾಖಾನಿಗೆ ಒಯ್ಯಿರಿ. ಅಲ್ಲಿ ಮೊದಲು ಕೊಡೋ ಇಂಜೆಕ್ಷನ್ನೂ ಈ ವೇಲಿಯಮ್ ಬಳಗದ್ದೇ.

ಅತ್ತಿಯವರ ನಿದ್ದಿ ಗುಳಿಗಿಗೂ ಇಷ್ಟೇ ಮರ್ಯಾದಿ ಕೊಡ್ರಿ. ಅದು ಹಂಚಿ ತಿನ್ನೋ ಪುಟಾಣಿ ಅಲ್ಲ. ರಾತ್ರಿ ಆ ಮಂಪರಿನಾಗ ಬಚ್ಚಲಕ್ಕ ಎದ್ದು ಬಿದ್ದು ಟೊಂಕ ಮುರಕೊಂಡ ಮುದುಕ್ಯಾರು ಬಹಳ. 2014ರಿಂದ ಇಂಥಾ ಗುಳಿಗಿ ಮಾರಿದ್ರ ಅಂಗಡ್ಯಾಂವ ಡಾಕ್ಟರ ಹೆಸರು, ರೋಗಿ ಹೆಸರು ಬ್ಯಾರೆ ರಜಿಸ್ಟರಿನಾಗ ಬರೀಬೇಕು ಅಂತ ನಿಯಮ ಐತಿ. ಚೀಟಿ ಇಲ್ಲದ ಕೊಟ್ರ ತಗೋಬ್ಯಾಡ್ರಿ. ವರ್ಷಗಟ್ಲೆ ತಗೊಂಡಿದ್ರ ಅವರೂ ಒಮ್ಮಿಗೇ ಬಿಡೂಹಂಗಿಲ್ಲ, ಡಾಕ್ಟರ ಕೇಳಿ ಸ್ವಲ್ಪ ಸ್ವಲ್ಪ ಇಳಸಬೇಕು.

ಸೀರಿ ಮಡಿಕ್ಯಾಗಿನ ಗುಳಿಗಿ ಡಬ್ಬಿಗೆ ಬರಲಿ. ಡಬ್ಬ್ಯಾಗಿನ ಗುಳಿಗಿ ಓಣಿ ತಿರಗೂದು ನಿಲ್ಲಲಿ.